ಗೋವಾದಿಂದ ಹ್ಯಾಟ್ ತಂದು ಅಟ್ಟಕ್ಕೆ ಹಾಕಿದವರಿಗೆ



ಕಲಂಗೂಟ್ ಕಡಲತೀರದಲ್ಲೋ ಊಟಿಯ ಕೆರೆಯ ದಾರಿಯಲ್ಲೋ ನೀವೊಂದು ಹ್ಯಾಟ್ ಕೊಂಡಿರಿ. ಚೌಕಾಸಿ ಮಾಡಿ ಅರ್ಧ ಬೆಲೆಗೆ ಇಳಿಸಿದಿರಿ. ಪ್ರವಾಸ ಮುಗಿಯುವವರೆಗೆ ಅದು ಪ್ರತಿ ಫೋಟೊದಲ್ಲೂ ಇತ್ತು. ಊರಿಗೆ ಮರಳಿದ ಮೇಲೆ ಒಂದು ಭಾನುವಾರ ಅದನ್ನು ಹಾಕಿಕೊಂಡು ತರಕಾರಿ ತರಲು ಹೊರಟಾಗ ಗಾಳಿಗೆ ಹಾರಿ ಚರಂಡಿಯ ಅಂಚಿಗೆ ಬಿತ್ತು, ಹಣೆಯ ಮೇಲೆ ಕೆಂಪು ಗೆರೆ ಮೂಡಿತು, ಅಂಗಡಿಯವನು ‘ಏನ್ ಸಾರ್, ಶೂಟಿಂಗಾ?’ ಅಂದ. ಅಂದಿಗೆ ಅದು ಅಟ್ಟ ಸೇರಿತು. ‘ನಮ್ಮ ಮುಖಕ್ಕೆ ಹ್ಯಾಟ್ ಒಪ್ಪಲ್ಲ ಬಿಡಿ’ ಎಂಬ ತೀರ್ಪೂ ಅಂದೇ ಹೊರಬಿತ್ತು. ಈ ಪತ್ರವನ್ನು ಆ ತೀರ್ಪಿನ ಮೇಲಿನ ಮೇಲ್ಮನವಿ ಎಂದು ತಿಳಿಯಿರಿ. ಹ್ಯಾಟಿನ ಆಕಾರದ ಒಂದು ಆಟಿಕೆಯನ್ನು ನೀವು ಪರೀಕ್ಷಿಸಿದಿರಿ, ಅದು ಸೋತದ್ದಕ್ಕೆ ನಿಮ್ಮ ಮುಖವನ್ನು ದೂರಿದಿರಿ. ನಿಜವಾಗಿ ಚೆನ್ನಾಗಿ ಮಾಡಿದ ಹ್ಯಾಟ್ ಬಿಸಿಲಿನಲ್ಲಿ ಓಡಾಡುವ ಗಂಡಸಿನ ಉಪಕರಣ. ಅದರ ಗುಣ ಇರುವುದು ತಯಾರಿಕೆಯಲ್ಲಿ, ಶೋಕಿಯಲ್ಲಲ್ಲ. ಆ ಗುಣವನ್ನು ಗುರುತಿಸಲು ಕಲಿತರೆ ಹ್ಯಾಟ್ ಹಾಕುವ ಸಂಕೋಚ ತಾನಾಗಿಯೇ ಹೋಗುತ್ತದೆ ಎಂಬುದು ನನ್ನ ವಾದ.

ಮೊದಲು ಅಟ್ಟದ ಮೇಲಿರುವುದನ್ನು ಇಳಿಸಿ, ತಿರುಗಿಸಿ ನೋಡಿ. ಹುಲ್ಲಿನಂತೆ ಕಾಣುವ ಆ ಎಳೆ ಬಹುಮಟ್ಟಿಗೆ ಹೊಸೆದ ಕಾಗದ, ಇಲ್ಲವೇ ಪ್ಲಾಸ್ಟಿಕ್. ಯಂತ್ರದಲ್ಲಿ ಹೆಣೆದ ಪಟ್ಟಿಯನ್ನು ನೆತ್ತಿಯಿಂದ ಶುರುಮಾಡಿ ಸುತ್ತು ಸುತ್ತಾಗಿ ಹೊಲಿದು, ಅಂಟು ಹಾಕಿ ಗಟ್ಟಿ ಮಾಡಿರುತ್ತಾರೆ. ಒಳಗಡೆ ಬೆವರು ಹೀರುವ ಪಟ್ಟಿಯ ಜಾಗದಲ್ಲಿ ನೈಲಾನಿನ ಒಂದು ಲಾಡಿ, ಅದರ ಮೇಲೆ ‘ಫ್ರೀ ಸೈಜ್’ ಎಂಬ ಚೀಟಿ. ತೊಂದರೆಯೆಲ್ಲ ಶುರುವಾಗುವುದು ಆ ಚೀಟಿಯಲ್ಲಿ. ತಲೆಯ ಸುತ್ತಳತೆ ವಯಸ್ಕ ಗಂಡಸರಲ್ಲಿ ಸುಮಾರು 54 ಸೆಂಟಿಮೀಟರಿನಿಂದ 62ರವರೆಗೂ ಇರುತ್ತದೆ. ಸುತ್ತಳತೆ ಒಂದೇ ಆದರೂ ಆಕಾರ ಬೇರೆ: ಒಬ್ಬನದು ಹಿಂದಕ್ಕೆ ಚಾಚಿದ ಉದ್ದ ತಲೆ, ಇನ್ನೊಬ್ಬನದು ಹೆಚ್ಚುಕಡಿಮೆ ದುಂಡು, ಮತ್ತೊಬ್ಬನಿಗೆ ಕಿವಿಯ ಮೇಲೆ ಒಂದು ಕಡೆ ಉಬ್ಬು. ಪ್ಯಾರಿಸ್ಸಿನ ಹ್ಯಾಟ್ ಕಸಬುದಾರರು ಇದನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡಿದ್ದರೆಂದರೆ 1843ರ ಹೊತ್ತಿಗೆ ಅಲ್ಲಿ ತಲೆಯ ಆಕಾರವನ್ನೇ ಬರೆದುಕೊಳ್ಳುವ ಒಂದು ಸಾಧನ ತಯಾರಾಯಿತು. ಅದನ್ನು ತಲೆಯ ಮೇಲಿಟ್ಟರೆ ಸುತ್ತಲೂ ಇರುವ ಮರದ ಕಡ್ಡಿಗಳು ತಲೆಗೆ ಒತ್ತಿಕೊಳ್ಳುತ್ತವೆ. ಮೇಲಿನ ಮುಚ್ಚಳದಲ್ಲಿರುವ ಸೂಜಿಗಳು ಒಂದು ಚಿಕ್ಕ ಕಾಗದವನ್ನು ಚುಚ್ಚಿ ಆ ತಲೆಯ ಕಿರುನಕ್ಷೆಯನ್ನು ಮೂಡಿಸುತ್ತವೆ. ಲಂಡನ್ನಿನ ಸೇಂಟ್ ಜೇಮ್ಸ್ ಬೀದಿಯಲ್ಲಿರುವ ಲಾಕ್ ಅಂಡ್ ಕಂಪನಿ 1676ರಿಂದ ನಡೆಯುತ್ತಿರುವ ಹ್ಯಾಟಿನ ಅಂಗಡಿ. ಅಲ್ಲಿ ಹೆಸರಾಂತ ಗಿರಾಕಿಗಳ ತಲೆಯ ಇಂಥ ಕಾಗದಗಳನ್ನು ಇವತ್ತಿಗೂ ಜೋಪಾನವಾಗಿಟ್ಟಿದ್ದಾರೆ. ನಕ್ಷೆಗಳನ್ನು ಸಾಲಾಗಿ ನೋಡಿದರೆ ಒಂದು ಆಲೂಗಡ್ಡೆಯಂತಿದೆ, ಒಂದು ಮೊಟ್ಟೆಯಂತಿದೆ. ಸರಿಯಾದ ದುಂಡು ಒಂದೂ ಇಲ್ಲ. ಪರಿಸ್ಥಿತಿ ಹೀಗಿರುವಾಗ ಎಲ್ಲರ ತಲೆಗೂ ಸಲ್ಲುವ ಒಂದೇ ಅಳತೆ ಯಾರ ತಲೆಗೂ ಸಲ್ಲದಿರುವುದರಲ್ಲಿ ಆಶ್ಚರ್ಯವಿಲ್ಲ. ಗಾಳಿಗೆ ಹಾರುವುದೂ ಹಣೆಗೆ ಗೆರೆ ಬೀಳುವುದೂ ಒಂದೇ ತಪ್ಪಿನ ಎರಡು ಫಲ. ಸನ್ಮಾನದ ವೇದಿಕೆಯಲ್ಲಿ ರಟ್ಟಿನ ಬುಡದ ರೆಡಿಮೇಡ್ ಮೈಸೂರು ಪೇಟವನ್ನು ಅತಿಥಿಗೆ ತೊಡಿಸುತ್ತಾರಲ್ಲ, ಫೋಟೊ ಆದ ತಕ್ಷಣ ಅವರು ಅದನ್ನು ತೆಗೆದು ಮೇಜಿನ ಮೇಲಿಡುವುದೂ ಇದೇ ಕಾರಣಕ್ಕೆ.

ಇನ್ನು ನಿಮ್ಮ ಕಾಗದದ ಹ್ಯಾಟ್ ಯಾವುದನ್ನು ಅನುಕರಿಸುತ್ತಿದೆಯೋ ಆ ಅಸಲನ್ನು ನೋಡಬೇಕು. ಅದು ಪನಾಮ ಹ್ಯಾಟ್. ತಯಾರಾಗುವುದು ಮಾತ್ರ ಈಕ್ವೆಡಾರ್ ದೇಶದಲ್ಲಿ. ಪನಾಮದ ರೇವುಗಳ ಮೂಲಕ ಮಾರಾಟಕ್ಕೆ ಹೋಗುತ್ತಿದ್ದುದರಿಂದ ಹೆಸರು ಅಲ್ಲಿಯದಾಯಿತು. 1906ರಲ್ಲಿ ಪನಾಮ ಕಾಲುವೆಯ ಕೆಲಸ ನೋಡಲು ಹೋದ ಅಮೆರಿಕದ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಇದನ್ನು ಹಾಕಿಕೊಂಡಿದ್ದ ಚಿತ್ರ ಪತ್ರಿಕೆಗಳಲ್ಲಿ ಬಂದು ಆ ಹೆಸರು ಗಟ್ಟಿಯಾಯಿತು. ಕಚ್ಚಾ ಸಾಮಗ್ರಿ ಟೊಕಿಯಾ ಎಂಬ ಗಿಡದ ಎಳೆ ಸುಳಿ. ನೋಡಲು ತಾಳೆಯಂತಿದ್ದರೂ ಅದು ತಾಳೆಯ ಜಾತಿಯಲ್ಲ. ಬಿಚ್ಚಿಕೊಳ್ಳದ ಸುಳಿಯನ್ನು ಕಡಿದು, ಒರಟು ಅಂಚುಗಳನ್ನು ಸೀಳಿ ತೆಗೆದು, ಸ್ವಲ್ಪ ಹೊತ್ತು ಕುದಿಸಿ ಒಣಗಲು ಹಾಕುತ್ತಾರೆ. ಒಣಗುವಾಗ ಪ್ರತಿ ಸೀಳೂ ಒಳಕ್ಕೆ ಸುರುಳಿಕೊಂಡು ದಾರದಂತಾಗುತ್ತದೆ. ಗಂಧಕದ ಹೊಗೆ ಕೊಟ್ಟು ಬಿಳಿಚಿಸುತ್ತಾರೆ. ನೇಯುವವರು ಅದನ್ನು ಉಗುರಿನಿಂದ ಮತ್ತೂ ಸಣ್ಣಗೆ ಸೀಳಿಕೊಳ್ಳುತ್ತಾರೆ. ಅತ್ಯುತ್ತಮವಾದವು ಬರುವುದು ಕರಾವಳಿಯ ಮನಾಬಿ ಪ್ರಾಂತ್ಯದ ಮೊಂಟೆಕ್ರಿಸ್ಟಿ ಎಂಬ ಸಣ್ಣ ಊರಿನ ಸುತ್ತಮುತ್ತಲಿಂದ. ಅಲ್ಲಿ ನೇಯುವವರು ಮರದ ಅಚ್ಚಿನ ಮೇಲೆ ಎದೆಯೂರಿ, ಬಗ್ಗಿ ನಿಂತು ನೇಯುತ್ತಾರೆ. ಕೆಲಸ ನಡೆಯುವುದು ಬೆಳಗಿನ ತಂಪಿನಲ್ಲಿ, ಇಲ್ಲವೇ ಸಂಜೆ. ನಡುಮಧ್ಯಾಹ್ನದ ಒಣ ಬಿಸಿಗೆ ಎಳೆ ಬಿರುಸಾಗಿ ತುಂಡಾಗುತ್ತದೆ. ನೆತ್ತಿಯ ನಡುವಿನ ಒಂದು ಸಣ್ಣ ಚಕ್ರದಿಂದ ಹೊರಟು ಉಂಗುರ ಉಂಗುರವಾಗಿ ಎಳೆಗಳನ್ನು ಸೇರಿಸುತ್ತ ಹೋದಂತೆ ಹ್ಯಾಟ್ ಬೆಳೆಯುತ್ತದೆ. ತೀರಾ ನವುರಾದ ಒಂದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಅದನ್ನು ಎತ್ತಿ ಬೆಳಕಿಗೆ ಹಿಡಿದರೆ ನೆತ್ತಿಯೊಳಗೆ ಆ ಉಂಗುರಗಳು ಕಾಣುತ್ತವೆ. ಹೊರ ಅಂಚನ್ನು ಕತ್ತರಿಸಿ ಹೊಲಿದಿರುವುದಿಲ್ಲ; ಎಳೆಗಳನ್ನು ಮತ್ತೆ ಒಳಕ್ಕೆ ತಿರುಗಿಸಿ ನೇಯ್ದು ಮುಗಿಸಿರುತ್ತಾರೆ. ಆಮೇಲೆ ಎಳೆ ಬಿಗಿಯುವವರು ಬೇರೆ, ತೊಳೆಯುವವರು ಬೇರೆ, ಬಡಿದು ಮೆತ್ತಗೆ ಮಾಡುವವರು ಬೇರೆ, ಇಸ್ತ್ರಿ ಮಾಡಿ ಆಕಾರ ಕೊಡುವವರು ಬೇರೆ. 2012ರಲ್ಲಿ ಯುನೆಸ್ಕೊ ಈ ನೇಯ್ಗೆಯನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಹ್ಯಾಟಿನ ಅಂತಿಮ ಬೆಲೆಯಲ್ಲಿ ನೇಯ್ದವರ ಕೈಗೆ ಸೇರುವುದು ಸಣ್ಣ ಪಾಲು ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಪಟ್ಟಿಗೆ ಸೇರಿದ ಮಾತ್ರಕ್ಕೆ ಅದು ಬದಲಾಗುವುದಿಲ್ಲ.

ಹುಲ್ಲಿನದು ಬಿಸಿಲಿನ ಹ್ಯಾಟಾದರೆ ಫೆಲ್ಟಿನದು ಚಳಿ ಮತ್ತು ತುಂತುರು ಮಳೆಯದು. ಮೊಲದ ಅಥವಾ ಬೀವರ್ ಎಂಬ ನೀರುಪ್ರಾಣಿಯ ತುಪ್ಪಳದ ಒಳಗೂದಲನ್ನು ಗಾಳಿಯಲ್ಲಿ ತೂರಿ, ತೂತುಗಳಿರುವ ದೊಡ್ಡ ಶಂಕುವಿನ ಮೇಲೆ ಕೂರಿಸುತ್ತಾರೆ. ಬಿಸಿನೀರು ಮತ್ತು ಒತ್ತಡ ಕೊಟ್ಟಂತೆಲ್ಲ ಕೂದಲುಗಳು ಒಂದರೊಳಗೊಂದು ಸಿಕ್ಕಿಕೊಂಡು ಆ ಶಂಕು ಕುಗ್ಗುತ್ತ ಬಿಗಿಯಾಗುತ್ತದೆ. ನೂಲೂ ಇಲ್ಲ, ಹೊಲಿಗೆಯೂ ಇಲ್ಲ. ಒಳ್ಳೆಯ ಫೆಲ್ಟಿನ ಮೇಲೆ ಬಿದ್ದ ಮಳೆಹನಿ ಒಳಗೆ ಇಳಿಯದೆ ಜಾರಿಹೋಗುತ್ತದೆ. ಇಟಲಿಯ ಅಲೆಸ್ಸಾಂಡ್ರಿಯಾದಲ್ಲಿ 1857ರಲ್ಲಿ ಆರಂಭವಾದ ಬೊರ್ಸಲಿನೊ, ಫಿಲಡೆಲ್ಫಿಯಾದಲ್ಲಿ 1865ರಲ್ಲಿ ಆರಂಭವಾದ ಸ್ಟೆಟ್ಸನ್ ಹೆಸರು ಮಾಡಿದ್ದು ಈ ಕೆಲಸದಲ್ಲೇ. ಆದರೆ ಈ ಕಸಬಿನ ಚರಿತ್ರೆ ಚೊಕ್ಕವಾಗಿಲ್ಲ. ತುಪ್ಪಳ ಬೇಗ ಗಂಟುಕಟ್ಟಲೆಂದು ಪಾದರಸದ ಲವಣ ಸವರುತ್ತಿದ್ದರು. ಅದರ ಹಬೆ ಕುಡಿದ ಕೆಲಸಗಾರರಿಗೆ ಕೈಕಾಲು ನಡುಕ, ಬುದ್ಧಿಭ್ರಮಣೆ. ಹ್ಯಾಟ್ ಕಾರ್ಖಾನೆಗಳ ಊರಾಗಿದ್ದ ಅಮೆರಿಕದ ಡ್ಯಾನ್‌ಬರಿಯಲ್ಲಿ ಆ ನಡುಕಕ್ಕೆ ಊರಿನ ಹೆಸರೇ ಅಂಟಿತು. ಅಲ್ಲಿ ಪಾದರಸದ ಬಳಕೆ ನಿಂತದ್ದು 1941ರಲ್ಲಿ. ಬೀವರುಗಳಂತೂ ಯುರೋಪಿನ ಹ್ಯಾಟಿನ ಹುಚ್ಚಿಗೆ ಉತ್ತರ ಅಮೆರಿಕದ ಎಷ್ಟೋ ನದಿಗಳಲ್ಲಿ ಇಲ್ಲವಾದವು. ಚೆನ್ನಾಗಿ ಮಾಡಿದ ವಸ್ತುವನ್ನು ಮೆಚ್ಚುವವರು ಅದರ ಹಿಂದಿನ ಈ ಲೆಕ್ಕವನ್ನೂ ತಿಳಿದಿರಬೇಕು. ಪ್ರಾಣಿಯ ತುಪ್ಪಳ ಬೇಡ ಎನ್ನುವವರೊಂದಿಗೆ ನನಗೆ ಜಗಳವಿಲ್ಲ. ನಮ್ಮ ಹವೆಗೆ ಹೇಗೂ ಫೆಲ್ಟ್ ಬೇಕಾಗುವುದು ಅಪರೂಪ.

ಹ್ಯಾಟ್ ಉಪಕರಣ ಎಂಬ ಮಾತಿಗೆ ಸಾಕ್ಷಿ ಬೇಕೆಂದರೆ ನಾವೀಗ ಬರೀ ಡೌಲು ಎಂದುಕೊಂಡಿರುವ ಹ್ಯಾಟುಗಳ ಹುಟ್ಟನ್ನೇ ನೋಡಬಹುದು. ಚಾರ್ಲಿ ಚಾಪ್ಲಿನ್ ತಲೆಯ ಮೇಲೆ ನಾವೆಲ್ಲ ಕಂಡ ಗುಂಡನೆಯ ಬೌಲರ್ ಹ್ಯಾಟ್ 1849ರಲ್ಲಿ ಎಡ್ವರ್ಡ್ ಕೋಕ್ ಎಂಬಾತ ಲಾಕ್ ಅಂಗಡಿಗೆ ಹೇಳಿ ಮಾಡಿಸಿದ್ದು; ಬೌಲರ್ ಸೋದರರು ಅದನ್ನು ತಯಾರಿಸಿಕೊಟ್ಟರು. ಎಸ್ಟೇಟಿನ ಕಾವಲುಗಾರರು ಕುದುರೆಯ ಮೇಲೆ ಹೋಗುವಾಗ ಎತ್ತರದ ಹ್ಯಾಟ್ ಮರದ ಕೊಂಬೆಗೆ ತಗಲಿ ಉರುಳುತ್ತಿತ್ತು. ಗಿಡ್ಡನೆಯದೂ ಗಟ್ಟಿಯಾದದ್ದೂ ಬೇಕಿತ್ತು. ಕೋಕ್ ಅದನ್ನು ನೆಲದ ಮೇಲಿಟ್ಟು ಕಾಲಿನಿಂದ ತುಳಿದು, ಮುರಿಯದಿದ್ದುದನ್ನು ಕಂಡ ಮೇಲೆ ದುಡ್ಡು ಕೊಟ್ಟನೆಂದು ಕಥೆ ಇದೆ. ನೌಕಾಪತಿ ನೆಲ್ಸನ್ನನ ಹ್ಯಾಟಿಗೆ ಅದೇ ಅಂಗಡಿಯವರು ಕಣ್ಣಿನ ಮೇಲೆ ಬರುವ ಒಂದು ನೆರಳುಪಟ್ಟಿಯನ್ನು ಸೇರಿಸಿಕೊಟ್ಟಿದ್ದರು. ಇಷ್ಟು ದೂರ ಹೋಗುವುದೂ ಬೇಡ. ತುಳುನಾಡಿನ ಮುಟ್ಟಾಳೆಯನ್ನು, ನಮ್ಮ ಹಾಳೆಟೊಪ್ಪಿಯನ್ನು, ಕೈಯಲ್ಲಿ ಹಿಡಿದು ನೋಡಿ. ಉದುರಿದ ಅಡಿಕೆ ಹಾಳೆಯನ್ನು ನೀರಿನಲ್ಲಿ ನೆನೆಸಿ ಮೆತ್ತಗಾದ ಮೇಲೆ ತಲೆಯ ಅಳತೆಗೆ ಮಡಚಿ ಹೊಲಿಯುತ್ತಾರೆ. ಒಣಗಿದರೆ ಆ ತಲೆಯ ಆಕಾರದಲ್ಲೇ ನಿಲ್ಲುತ್ತದೆ. ಬಿಸಿಲನ್ನು ತಡೆಯುತ್ತದೆ, ತಲೆಹೊರೆಯ ಒತ್ತನ್ನೂ ತಾಳುತ್ತದೆ. ಯಾವ ಸುಂಕವೂ ಇಲ್ಲದೆ ಹಿತ್ತಲಿನ ತೋಟದಲ್ಲಿ ತಯಾರಾಗುವ ಅದು, ಪ್ಯಾರಿಸ್ಸಿನವರು ಯಂತ್ರ ಕಟ್ಟಿ ಸಾಧಿಸಿದ್ದನ್ನು ನೆನೆದ ಹಾಳೆಯೊಂದರಲ್ಲೇ ಸಾಧಿಸುತ್ತದೆ. ಮಲೆನಾಡಿನ ಮಳೆಗೆ ಕಂಬಳಿಕೊಪ್ಪೆ, ಬಯಲುಸೀಮೆಯ ಒಣಬಿಸಿಲಿಗೆ ಸುತ್ತು ಸುತ್ತಿನ ರುಮಾಲು: ಇವೆಲ್ಲವೂ ಹವೆಯನ್ನೂ ಕೆಲಸವನ್ನೂ ನೋಡಿಕೊಂಡು ಹುಟ್ಟಿದವು. ಉತ್ತರ ಕರ್ನಾಟಕದ ಹಿರಿಯರು ಇಂದಿಗೂ ಬಿಡದ ಬಿಳಿಯ ಗಾಂಧಿ ಟೊಪ್ಪಿಗೆಯೂ ಅಷ್ಟೆ: ರುಮಾಲಿಗಿಂತ ಎಷ್ಟೋ ಕಡಿಮೆ ಬಟ್ಟೆ, ಮಡಚಿದರೆ ಜೇಬಿಗೆ ಹಿಡಿಯುತ್ತದೆ, ಬಿಳಿಯಾದ್ದರಿಂದ ಕೊಳೆ ಕಂಡು ಒಗೆಯಲೇಬೇಕಾಗುತ್ತದೆ.

ಹ್ಯಾಟ್ ಇಷ್ಟು ಉಪಯೋಗದ್ದಾದರೆ ಅದನ್ನು ಕಂಡುಹಿಡಿದವರೇ ಏಕೆ ಬಿಟ್ಟರು ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಜಾನ್ ಕೆನಡಿ 1961ರಲ್ಲಿ ಅಮೆರಿಕದ ಅಧ್ಯಕ್ಷರಾಗಿ ಬರಿತಲೆಯಲ್ಲಿ ಪ್ರಮಾಣವಚನ ಸ್ವೀಕರಿಸಿದ್ದೇ ಹ್ಯಾಟಿನ ಅಂತ್ಯಕ್ಕೆ ಕಾರಣ ಎಂಬ ಮಾತು ಬಹಳ ಪ್ರಚಾರದಲ್ಲಿದೆ. ಆದರೆ ಅಂದು ಅವರು ರೇಷ್ಮೆಯ ಎತ್ತರದ ಹ್ಯಾಟ್ ಧರಿಸಿಯೇ ಬಂದಿದ್ದರು. ಭಾಷಣಕ್ಕೆ ನಿಂತಾಗ ತೆಗೆದಿಟ್ಟರು ಅಷ್ಟೆ. ಅದಕ್ಕೂ ಎಷ್ಟೋ ಮೊದಲೇ ಹ್ಯಾಟಿನ ವ್ಯಾಪಾರ ಇಳಿಮುಖವಾಗಿತ್ತು. ಜನ ನಡೆಯುವುದನ್ನು ಬಿಟ್ಟು ಮೋಟಾರು ಹತ್ತಿದರು, ಮೋಟಾರಿನ ಮಾಡು ತಗ್ಗಾಯಿತು, ತಲೆಗೆ ಬಿಸಿಲೂ ಮಳೆಯೂ ತಾಗುವುದು ತಪ್ಪಿತು. ಇನ್ನೊಂದು ಕಾರಣ ಹ್ಯಾಟಿಗೆ ಅಂಟಿದ್ದ ಕಟ್ಟುಪಾಡು. ನ್ಯೂಯಾರ್ಕಿನಲ್ಲಿ ಸೆಪ್ಟೆಂಬರ್ 15 ದಾಟಿದ ಮೇಲೆ ಹುಲ್ಲಿನ ಹ್ಯಾಟ್ ಹಾಕುವುದು ಸಲ್ಲದು ಎಂಬ ರೂಢಿ ಇತ್ತು. 1922ರಲ್ಲಿ ಪಡ್ಡೆ ಹುಡುಗರು ಎರಡು ದಿನ ಮುಂಚೆಯೇ ಬೀದಿಗಿಳಿದು ದಾರಿಹೋಕರ ಹ್ಯಾಟ್ ಕಿತ್ತು ತುಳಿಯತೊಡಗಿದರು. ಅದು ಹೊಡೆದಾಟವಾಗಿ ಕೆಲವು ದಿನ ನಡೆದು ಪೊಲೀಸರು ಬಂಧಿಸುವವರೆಗೂ ಹೋಯಿತು. ಹಾಕದಿದ್ದರೆ ಅವಮಾನ, ತಿಥಿ ತಪ್ಪಿ ಹಾಕಿದರೆ ಪೆಟ್ಟು ಎಂಬಂಥ ವಸ್ತುವನ್ನು ಜನ ಕೈಬಿಟ್ಟರೆ ಅವರದು ತಪ್ಪೆನ್ನಲಾಗದು. ಸತ್ತದ್ದು ಆ ಕಟ್ಟುಪಾಡು. ಬಿಸಿಲಿನಲ್ಲಿ ನಿಲ್ಲಲೇಬೇಕಾದವರು ಹ್ಯಾಟನ್ನು ಬಿಡಲೇ ಇಲ್ಲ: ಟೆಸ್ಟ್ ಪಂದ್ಯದ ಅಂಪೈರನ್ನು ನೋಡಿ, ಆಸ್ಟ್ರೇಲಿಯಾದ ದನಗಾಹಿಯನ್ನು ನೋಡಿ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಅಂಪೈರಿನ ಅಗಲ ಅಂಚಿನ ಹ್ಯಾಟ್ ಕಂಡು ‘ಶೂಟಿಂಗಾ?’ ಎಂದು ಯಾರೂ ಕೇಳುವುದಿಲ್ಲ.

ಬಿಸಿಲಿನ ವಿಷಯದಲ್ಲಿ ನಮ್ಮವರು ಹೇಳುವ ಒಂದು ಮಾತಿದೆ: ನಮ್ಮದು ಕಪ್ಪು ಚರ್ಮ, ನಮಗೇನೂ ಆಗದು. ಇದರಲ್ಲಿ ಅರ್ಧ ಸತ್ಯವಿದೆ. ಬಿಸಿಲಿನಿಂದ ಬರುವ ಚರ್ಮದ ಕ್ಯಾನ್ಸರ್ ಬಿಳಿಯರಲ್ಲಿರುವಷ್ಟು ನಮ್ಮಲ್ಲಿಲ್ಲ. ಆದರೆ ಕಣ್ಣಿಗೆ ಚರ್ಮದ ಬಣ್ಣದ ರಕ್ಷಣೆ ಇಲ್ಲ. ಅತಿನೇರಳೆ ಕಿರಣ ಕಣ್ಣಿನ ಪೊರೆಗೆ ಒಂದು ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಕೂದಲು ತೆಳುವಾದ ನೆತ್ತಿಗೂ ಆ ಕಿರಣ ನೇರವಾಗಿಯೇ ಬೀಳುತ್ತದೆ. ಕಿರಣದ ಸೂಚ್ಯಂಕ 3 ಆದಾಗಲೇ ಎಚ್ಚರ ಬೇಕು ಎನ್ನುತ್ತಾರೆ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಬೇಸಿಗೆಯ ನಡುಹಗಲು ಅದು 11 ದಾಟುವುದುಂಟು. ಹಾಗಾದರೆ ಕ್ರಿಕೆಟ್ ಕ್ಯಾಪ್ ಸಾಲದೇ? ಸಾಲದು. ಅದು ಮೂಗಿಗೆ ನೆರಳು ಕೊಟ್ಟು ಕಿವಿಯನ್ನೂ ಕುತ್ತಿಗೆಯನ್ನೂ ಬಿಸಿಲಿಗೆ ಒಪ್ಪಿಸುತ್ತದೆ. ಈ ವಿಷಯದಲ್ಲಿ ಹೆಚ್ಚು ಅನುಭವವಿರುವ ಆಸ್ಟ್ರೇಲಿಯಾದ ಕ್ಯಾನ್ಸರ್ ಕೌನ್ಸಿಲ್ ಅಂಥ ಕ್ಯಾಪನ್ನು ಶಿಫಾರಸು ಮಾಡುವುದಿಲ್ಲ. ವಯಸ್ಕರಿಗೆ ಸುತ್ತಲೂ ಕನಿಷ್ಠ 7.5 ಸೆಂಟಿಮೀಟರ್ ಅಂಚು ಇರಬೇಕು ಎನ್ನುತ್ತದೆ. ನಿಮ್ಮ ಗೋವಾ ಹ್ಯಾಟಿನ ಅಂಚನ್ನು ಸ್ಕೇಲಿನಿಂದ ಅಳೆದರೆ ಬಹುಶಃ ಐದರ ಆಸುಪಾಸಿಗೆ ನಿಲ್ಲುತ್ತದೆ. ಇನ್ನು ಸೆಕೆಯ ದೂರು: ಫೆಲ್ಟಿಗೆ ಅದು ನಿಜ, ನೇಯ್ದ ಹುಲ್ಲಿಗೆ ಅಲ್ಲ. ಒಳ್ಳೆಯ ನೇಯ್ಗೆಯಲ್ಲಿ ಗಾಳಿ ಆಡುತ್ತದೆ, ನೆತ್ತಿಗೂ ಹ್ಯಾಟಿಗೂ ನಡುವೆ ಬೆರಳಷ್ಟು ತೆರಪಿರುತ್ತದೆ. ಹಾಗೆಂದು ಮೇ ತಿಂಗಳ ರಾಯಚೂರಿನಲ್ಲಿ ಹ್ಯಾಟನ್ನೇ ಹಾಕಿ ಎಂದು ನಾನು ಹಟ ಹಿಡಿಯಲಾರೆ. ಅಲ್ಲಿಯ ಒಣ ಸೆಕೆಯಲ್ಲಿ ಒದ್ದೆ ಮಾಡಿ ಸುತ್ತಿದ ಟವೆಲ್ಲಿನ ಮುಂದೆ ಮೊಂಟೆಕ್ರಿಸ್ಟಿಯೂ ಸೋಲುತ್ತದೆ. ಹ್ಯಾಟ್ ಹಾಕಿದರೆ ಕೂದಲು ಉದುರುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ.

ಇದು ಬ್ರಿಟಿಷರ ವೇಷ, ನಮಗೇಕೆ ಎಂಬ ಆಕ್ಷೇಪಕ್ಕೆ ತೂಕವಿದೆ. ಬೆಂಡಿನಿಂದ ಮಾಡಿದ ಸೋಲಾ ಟೋಪಿ ಇಲ್ಲಿ ನೆರಳಿಗಿಂತ ಹೆಚ್ಚಾಗಿ ಅಧಿಕಾರದ ಗುರುತಾಗಿತ್ತು. ಬಿಳಿಯನ ತಲೆ ಹಿಂದೂಸ್ತಾನದ ಬಿಸಿಲನ್ನು ತಾಳದು ಎಂಬ ನಂಬಿಕೆ ಅದರ ಹಿಂದಿತ್ತು. ಎರಡನೆಯ ಮಹಾಯುದ್ಧದಲ್ಲಿ ಅವರ ಸೈನ್ಯವೇ ಅದನ್ನು ಬದಿಗಿಟ್ಟಾಗ ಯಾರ ತಲೆಗೂ ಏನೂ ಆಗಲಿಲ್ಲ. ಆದರೆ ನಮ್ಮ ಆಟೋಗಳ ಹಿಂಬದಿಯಲ್ಲಿ, ಗಣೇಶೋತ್ಸವದ ಬ್ಯಾನರುಗಳಲ್ಲಿ ಯಾವ ಹ್ಯಾಟಿದೆ ನೋಡಿ: ಭಗತ್ ಸಿಂಗ್ ಅವರದು. ಲಾಹೋರಿನಲ್ಲಿ 1928ರ ಡಿಸೆಂಬರಿನಲ್ಲಿ ಪೊಲೀಸ್ ಅಧಿಕಾರಿ ಸಾಂಡರ್ಸ್ ಹತ್ಯೆಯಾದ ಮೇಲೆ ಭಗತ್ ಸಿಂಗ್ ಕೋಟು ಹ್ಯಾಟು ಧರಿಸಿ ಪೊಲೀಸರ ಕಣ್ಣೆದುರೇ ರೈಲು ಹತ್ತಿದರು. 1929ರ ಏಪ್ರಿಲ್ 8ರಂದು ಅಸೆಂಬ್ಲಿಯಲ್ಲಿ ಬಾಂಬು ಎಸೆಯುವ ಕೆಲವೇ ದಿನ ಮೊದಲು ದೆಹಲಿಯ ಸ್ಟುಡಿಯೊ ಒಂದರಲ್ಲಿ ತೆಗೆಸಿದ ಚಿತ್ರದಲ್ಲೂ ಅದೇ ಬಗೆಯ ಹ್ಯಾಟು. ಸಾಮ್ರಾಜ್ಯದ ವೇಷವನ್ನು ಸಾಮ್ರಾಜ್ಯದ ವಿರುದ್ಧವೇ ಬಳಸಿದ ಆ ಚಿತ್ರ ಕಣ್ಣಮುಂದಿರುವಾಗ ಹ್ಯಾಟನ್ನು ಬ್ರಿಟಿಷರಿಗೇ ಬರೆದುಕೊಡುವುದು ಅವರಿಗೆ ತೋರುವ ಅತಿಯಾದ ಔದಾರ್ಯ.

ಬೆಲೆಯ ಮಾತಿಗೆ ಬರೋಣ. ಅತಿ ನವುರಾದ ಮೊಂಟೆಕ್ರಿಸ್ಟಿಗೆ ಒಂದು ಸ್ಕೂಟರಿಗಿಂತ ಹೆಚ್ಚು ಕೊಡಬೇಕಾಗುತ್ತದೆ. ಅದು ನಿಮಗೂ ಬೇಡ, ನನಗೂ ಬೇಡ. ಈಕ್ವೆಡಾರಿನಲ್ಲೇ ಕುಯೆಂಕಾ ಕಡೆಯಿಂದ ಬರುವ ಸಾಧಾರಣ ದರ್ಜೆಯ ಕೈನೇಯ್ಗೆಯ ಹ್ಯಾಟಿಗೆ ಕೆಲವು ಸಾವಿರ ರೂಪಾಯಿ ಬೀಳುತ್ತದೆ. ಅದೂ ಹೆಚ್ಚೆನಿಸಿದರೆ ದಪ್ಪ ಹತ್ತಿ ಬಟ್ಟೆಯ, ಅಂಚಿಗೆ ಒತ್ತೊತ್ತಾಗಿ ಸುತ್ತು ಹೊಲಿಗೆ ಹಾಕಿದ ಹ್ಯಾಟ್ ಸಾಕು. ಹೆಲ್ಮೆಟ್ ಹಾಕಿ ಬೈಕಿನಲ್ಲಿ ಓಡಾಡುವವರಿಗೆ ಮಡಚಿ ಚೀಲದಲ್ಲಿಡಲು ಅದೇ ಸರಿ. ಕೊಳ್ಳುವ ಮೊದಲು ಕಿವಿಗಿಂತ ಒಂದು ಬೆರಳು ಮೇಲೆ, ಹಣೆಯ ನಡುವಿನಿಂದ ಟೇಪು ಸುತ್ತಿ ಅಳತೆ ಬರೆದುಕೊಳ್ಳಿ. ಒಳಪಟ್ಟಿ ಚರ್ಮದ್ದೋ ಹತ್ತಿಯದೋ ಆಗಿರಲಿ, ಅಂಟಿಸಿರದೆ ಹೊಲಿದಿರಲಿ. ಆ ಪಟ್ಟಿಯ ಒಂದು ಕಡೆ ಪುಟ್ಟ ಗಂಟು ಇದ್ದರೆ ಅದು ಹಿಂಭಾಗ. ಹ್ಯಾಟ್ ಹಾಕಿ ತಲೆ ಅಲ್ಲಾಡಿಸಿದಾಗ ಕದಲಬಾರದು, ತೆಗೆದಾಗ ಗೆರೆ ಉಳಿಯಬಾರದು. ಸ್ವಲ್ಪ ಸಡಿಲವಿದ್ದರೆ ಒಳಪಟ್ಟಿಯ ಹಿಂದೆ ತೆಳುವಾದ ಸ್ಪಂಜಿನ ಎಳೆ ತುಂಬಿಸಬಹುದು, ಬಿಗಿಯಾದದ್ದಕ್ಕೆ ಅಷ್ಟು ಸುಲಭದ ಉಪಾಯವಿಲ್ಲ. ನೆತ್ತಿಯ ಮಡಿಕೆಯನ್ನು ಚಿವುಟಿ ಎತ್ತುವುದು ಸಿನಿಮಾದವರ ಚಾಳಿ. ಹುಲ್ಲಿನ ಹ್ಯಾಟ್ ಬಿರಿಯುವುದು ಆ ಮಡಿಕೆಯಲ್ಲೇ, ಆದ್ದರಿಂದ ಅಂಚು ಹಿಡಿದು ಎತ್ತಿ. ಕೆಳಗಿಡುವಾಗ ಬೋರಲು ಹಾಕದೆ ನೆತ್ತಿ ಕೆಳಗಾಗಿ ಇಟ್ಟರೆ ಅಂಚು ಚಪ್ಪಟೆಯಾಗುವುದಿಲ್ಲ. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ, ಎಳೆ ಒಣಗಿ ಮುರಿಯುತ್ತದೆ. ಹಾಗೆ ಒಣಗಿದ್ದನ್ನು ಕುದಿಯುವ ನೀರಿನ ಹಬೆಗೆ ಸ್ವಲ್ಪ ಹೊತ್ತು ಹಿಡಿದರೆ ಮತ್ತೆ ಬಾಗುತ್ತದೆ, ಆಗ ಆಕಾರವನ್ನೂ ತಿದ್ದಿಕೊಳ್ಳಬಹುದು.

ಒಂದು ರೀತಿನೀತಿಯ ಪ್ರಶ್ನೆ ಉಳಿಯಿತು. ಮೈಸೂರಿನ ದರ್ಬಾರಿನಲ್ಲಿ ಪೇಟವಿಲ್ಲದೆ ನಿಲ್ಲುವುದು ಅಗೌರವ. ಹ್ಯಾಟಿನ ಸಂಪ್ರದಾಯದಲ್ಲಿ ಹಿರಿಯರ ಮುಂದೆ ಅದನ್ನು ತೆಗೆಯದಿರುವುದು ಅಗೌರವ. ಎರಡನ್ನೂ ಕಲಸಿಕೊಂಡು ಕೆಲವರು ಮದುವೆ ಮನೆಯ ಊಟದ ಪಂಕ್ತಿಯಲ್ಲೂ ಹ್ಯಾಟ್ ಹಾಕಿಕೊಂಡೇ ಕೂರುತ್ತಾರೆ, ಅಂಥವರಿಂದಲೇ ಹ್ಯಾಟಿಗೆ ಶೋಕಿಯ ಹೆಸರು ಬಂದದ್ದು. ಮಾಡಿನ ಕೆಳಗೆ ಬಂದ ಕೂಡಲೇ ತೆಗೆಯಿರಿ, ಬಿಸಿಲಿಗೆ ಇಳಿಯುವಾಗ ಹಾಕಿಕೊಳ್ಳಿ. ತರಕಾರಿ ಅಂಗಡಿಯವನು ಮೊದಲ ವಾರ ಕೇಳುತ್ತಾನೆ, ಎರಡನೆಯ ವಾರವೂ ಕೇಳಿಯಾನು; ಮೂರನೆಯ ವಾರ ಅವನು ಕೊತ್ತಂಬರಿ ಸೊಪ್ಪಿನ ಬೆಲೆ ಹೇಳುತ್ತಾನೆ.

ಇಂತಿ,
ನಿಮ್ಮ ಹಿತೈಷಿ